ದೋಣಿಯಲ್ಲಿ ಯಾರಿರುತ್ತಾರೆ? ಮೊದಲು ಅದನ್ನು ಕೇಳಿ

ತರಬೇತಿಗೆ ಅಂತ ಸಮುದ್ರಕ್ಕೆ ಇಳಿದ ಡೈವರ್‌ಗಳು ಸೆಳೆತಕ್ಕೆ ಸಿಕ್ಕಿ ಕಾಣೆಯಾಗುವುದರ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಹೊಸದಾಗಿ ಈ ಅಂಕಣ ಓದುತ್ತಿರುವವರಿಗೆ ಒಂದು ಮಾತು. ನಾನು ಬಹಳ ಕಾಲ ನೀರೊಳಗೆ ಡೈವಿಂಗ್ ಕಲಿಸಿದವನು. ಮೊಣಕಾಲು ಕೈಕೊಟ್ಟ ಮೇಲೆ ದೋಣಿಯಲ್ಲಿ ನಿಂತು, ಕೆಳಗಿರುವವರ ಉಸಿರಿನಿಂದ ಮೇಲೇಳುವ ಗುಳ್ಳೆ ನೋಡುವ ಕೆಲಸಕ್ಕೆ ಬಂದೆ. ಎರಡರಲ್ಲಿ ಈ ಎರಡನೆಯದೇ ದೊಡ್ಡ ಕೆಲಸ ಅನ್ನುವುದು ನನ್ನ ವಾದ. ಕೆಳಗೆ ಅದೇ ರಾಗ ಮತ್ತೆ ಮತ್ತೆ ಕೇಳಿಸಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗ ಡೈವಿಂಗ್ ಕೋರ್ಸಿಗೆ ಸೇರಿದ್ದಾನೆ. ಮಲೇಷ್ಯಾದಲ್ಲಿ ತರಬೇತಿ ನಡೆಯುವಾಗಲೇ ನಾಲ್ವರು ಕಾಣೆಯಾದ ಹಳೆಯ ಸುದ್ದಿಯೊಂದನ್ನು ಈಚೆಗೆ ಓದಿದೆ. ಅಲ್ಲಿ ಕಲಿಸುವವರೂ ಜೊತೆಗೇ ಇದ್ದರಂತೆ. ಗುರುಗಳೇ ಪಕ್ಕದಲ್ಲಿರುವಾಗ ಜನ ಹೇಗೆ ಕಾಣೆಯಾಗುತ್ತಾರೆ? ಮಗನನ್ನು ಕಳಿಸಲೋ ಬೇಡವೋ ತಿಳಿಯುತ್ತಿಲ್ಲ. (ಒಬ್ಬ ತಾಯಿ)

ಅಮ್ಮಾ, ನೀವು ಓದಿರುವುದು 2022ರ ಏಪ್ರಿಲ್ 6ರ ಘಟನೆ. ಜೊಹೋರ್ ರಾಜ್ಯದ ಮೆರ್ಸಿಂಗ್ ಎಂಬ ಊರಿನ ಆಚೆ ಸಮುದ್ರದಲ್ಲಿ ತೊಕೊಂಗ್ ಸಂಗೊಲ್ ಅನ್ನುವ ಸಣ್ಣ ಬಂಡೆದ್ವೀಪವಿದೆ. ದಡದಿಂದ ಸುಮಾರು 15 ಕಿ.ಮೀ. ನಾರ್ವೆಯ ಒಬ್ಬ ಶಿಕ್ಷಕಿ ಅಲ್ಲಿ ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಇಳಿದರು. ಒಬ್ಬ ತಂದೆ, ಆತನ 14 ವರ್ಷದ ಮಗ, 18 ವರ್ಷದ ಒಬ್ಬ ಹುಡುಗಿ. ಆಳ ಬರೀ 15 ಮೀಟರ್ ಆಸುಪಾಸು. ಮೇಲೆ ಬಂದು ನೋಡಿದರೆ ದೋಣಿ ಇಲ್ಲ.

ಸೆಳೆತ ಅವರನ್ನು ಒಯ್ಯುತ್ತಾ ಹೋಯಿತು. ನಡುವೆ ಶಿಕ್ಷಕಿಯೂ ಉಳಿದವರಿಂದ ಬೇರೆಯಾದರು. ಮರುದಿನ ಬೆಳಿಗ್ಗೆ ಒಂದು ಟಗ್ ಬೋಟಿನವರು ಶಿಕ್ಷಕಿಯನ್ನು ಎತ್ತಿಕೊಂಡರು. ತಂದೆ ಮತ್ತು ಆ ಹುಡುಗಿ ಸಿಕ್ಕಿದ್ದು 9ನೇ ತಾರೀಖು ಇನ್ನೂ ಬೆಳಕು ಹರಿಯುವ ಮೊದಲು, ಮೀನುಗಾರರ ಕಣ್ಣಿಗೆ. ಇಳಿದ ಜಾಗದಿಂದ ಸುಮಾರು 130 ಕಿ.ಮೀ. ದೂರದಲ್ಲಿ. ಹುಡುಗ ಬದುಕಲಿಲ್ಲ. ದೋಣಿ ನಡೆಸುತ್ತಿದ್ದವನನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಪರೀಕ್ಷೆ ಮಾಡಿಸಿದಾಗ ಮಾದಕ ವಸ್ತು ಸೇವಿಸಿದ್ದು ಗೊತ್ತಾಯಿತು.

ಈ 130 ಕಿ.ಮೀ.ಯನ್ನು ಒಮ್ಮೆ ಎರಡೂವರೆ ದಿನಕ್ಕೆ ಭಾಗಿಸಿ ನೋಡಿ. ಗಂಟೆಗೆ ಎರಡು ಕಿ.ಮೀ. ಚಿಲ್ಲರೆ ಬರುತ್ತದೆ. ನೀವು ತರಕಾರಿ ಚೀಲ ಹಿಡಿದು ನಡೆಯುವುದೂ ಇದಕ್ಕಿಂತ ಜೋರಾಗಿರುತ್ತದೆ. 'ಭಾರಿ ಸೆಳೆತ' ಅಂದಕೂಡಲೇ ಜನರ ಮನಸ್ಸಿಗೆ ಬರುವುದು ಮಳೆಗಾಲದ ಹೊಳೆ. ಸಮುದ್ರದಲ್ಲಿ ಹಾಗಿರಬೇಕಿಲ್ಲ. ಮೇಲಿನಿಂದ ನೋಡಿದರೆ ನೀರು ಸುಮ್ನೆ ನಿಂತ ಹಾಗೇ ಕಾಣುತ್ತಿರುತ್ತದೆ. ಸಮುದ್ರದಲ್ಲಿ ವೇಗವನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ., ನಿಮಿಷಕ್ಕೆ ಸುಮಾರು 30 ಮೀಟರ್. 40 ನಿಮಿಷ ನೀರೊಳಗಿದ್ದು ಮೇಲೆ ಬರುವಷ್ಟರಲ್ಲಿ ಒಂದು ಕಿ.ಮೀ.ಗಿಂತ ಹೆಚ್ಚು ದೂರ ಹೋಗಿರುತ್ತೀರಿ. ನಿಮ್ಮ ತಲೆ ಮಾತ್ರ ನೀರಿನ ಮೇಲಿರುತ್ತದೆ. ಸಣ್ಣ ಅಲೆಗಳಿದ್ದರೂ ಸಾಕು, ಕೆಲವು ನೂರು ಮೀಟರ್ ಆಚೆ ತೇಲುತ್ತಿರುವ ತಲೆ ದೋಣಿಯವರಿಗೆ ಕಾಣುವುದಿಲ್ಲ.

ಇನ್ನು ಗುರುಗಳ ವಿಷಯ. ತರಬೇತಿಯ ಡೈವಿನಲ್ಲಿ ಶಿಕ್ಷಕರ ಕಣ್ಣೆಲ್ಲ ವಿದ್ಯಾರ್ಥಿಗಳ ಮೇಲೆ. ಮಾಸ್ಕಿನೊಳಗೆ ನೀರು ಬಿಟ್ಟು ತೆಗೆಯುವುದು, ಬಾಯಿಂದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ತೆಗೆದು ಮತ್ತೆ ಹಾಕಿಕೊಳ್ಳುವುದು, ಮೇಲೇಳದೆ ಕೆಳಗಿಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವುದು. ಒಬ್ಬ ಗಾಬರಿಯಾದರೆ ಅವನ ಕಡೆ ಹೋಗಬೇಕು, ಆಗ ಉಳಿದಿಬ್ಬರು ಬೆನ್ನ ಹಿಂದೆ ಉಳಿಯುತ್ತಾರೆ. ನೆಲ ಕಾಣುತ್ತಿದ್ದರೆ ತಾವು ಸರಿಯುತ್ತಿರುವುದು ಗೊತ್ತಾಗುತ್ತದೆ. ನೆಲ ಬಿಟ್ಟು ನಡುನೀರಿಗೆ ಬಂದರೆ ಸುತ್ತ ಬರೀ ನೀಲಿ. ಎಲ್ಲರೂ ಒಟ್ಟಿಗೆ ಸರಿಯುತ್ತಿರುವಾಗ ಯಾರಿಗೂ ಏನೂ ಅನಿಸುವುದಿಲ್ಲ. ಎಂಥ ಅನುಭವಿಗೂ ಅನಿಸುವುದಿಲ್ಲ.

ಅದಕ್ಕೇ ನಾನು ಹೇಳುವುದು, ಇಂಥ ಘಟನೆಗಳಲ್ಲಿ ಕೆಳಗೆ ಏನಾಯಿತು ಅನ್ನುವುದು ಅರ್ಧ ಕಥೆ ಮಾತ್ರ. ಸೆಳೆತ ಜನರನ್ನು ಒಯ್ಯುತ್ತದೆ, ನಿಜ. ಅವರು 'ಕಾಣೆ'ಯಾಗುವುದು ಮೇಲೆ ಯಾರೂ ನೋಡುತ್ತಿಲ್ಲದಾಗ. ದೋಣಿಯಲ್ಲಿ ಒಬ್ಬ ಎಚ್ಚರದ ಮನುಷ್ಯ ಇದ್ದು, ಗುಳ್ಳೆಯ ಹಿಂದೆ ದೋಣಿ ಹೋಗುತ್ತಿದ್ದರೆ ಎರಡು ನಾಟ್ ಸೆಳೆತವೂ ಒಂದು ಮೋಜಿನ ಸವಾರಿ. ಅದನ್ನೇ ದುಡ್ಡು ಕೊಟ್ಟು ಮಾಡುವವರಿದ್ದಾರೆ, ಡ್ರಿಫ್ಟ್ ಡೈವ್ ಅಂತ ಹೆಸರು.

ಮಗನನ್ನು ಕಳಿಸಿ. ಆದರೆ ಕೋರ್ಸ್ ನಡೆಸುವವರ ಹತ್ತಿರ ಅವನೇ ಹೋಗಿ ಕೆಲವು ವಿಷಯ ಕೇಳಲಿ. ನಾವು ನೀರೊಳಗಿರುವಾಗ ದೋಣಿಯಲ್ಲಿ ಯಾರಿರುತ್ತಾರೆ? ಅವರಿಗೆ ಅದು ಬಿಟ್ಟು ಬೇರೆ ಕೆಲಸ ಇರುತ್ತದೆಯೇ? ದೋಣಿಯಲ್ಲಿ ದಡಕ್ಕೂ ಬೇರೆ ಹಡಗುಗಳಿಗೂ ಕರೆ ಕೊಡುವ, ಕೆಟ್ಟಿರದ ವಿಎಚ್‌ಎಫ್ ರೇಡಿಯೊ ಇದೆಯೇ? ನಾವು ಹೇಳಿದ ಹೊತ್ತಿಗೆ ಮೇಲೆ ಬರದಿದ್ದರೆ ಎಷ್ಟು ನಿಮಿಷಕ್ಕೆ ಯಾರಿಗೆ ಹೇಳುತ್ತೀರಿ? ಶಿಕ್ಷಕರಿಗೆ ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಅಂತಲೂ ಕೇಳಲಿ. ಡೈವಿಂಗ್ ಕಲಿಕೆಗೆ ಸರ್ಟಿಫಿಕೇಟ್ ಕೊಡುವ ಪಾಡಿ ಸಂಸ್ಥೆಯ ಮೊದಲ ಕೋರ್ಸಿನ ಸಮುದ್ರದ ಡೈವುಗಳಿಗೆ ಒಬ್ಬರಿಗೆ ಎಂಟು ಮಂದಿಯವರೆಗೆ ಅವಕಾಶವಿದೆ. ಅದು ಹೆಚ್ಚೆಂದರೆ ಎಂಟು, ಎಂಟೇ ಆಗಬೇಕು ಅಂತಲ್ಲ. ಸೆಳೆತ ಇರುವ ಕಡೆ ನಾನಾಗಿದ್ದರೆ ಇಬ್ಬರಿಗಿಂತ ಹೆಚ್ಚು ಹೊಸಬರನ್ನು ಕರೆದುಕೊಂಡು ಇಳಿಯುವುದಿಲ್ಲ. ಈ ಪ್ರಶ್ನೆಗಳಿಗೆ ಅವರು ನಕ್ಕು 'ಅದೆಲ್ಲ ನಮಗೆ ಬಿಡಿ' ಅಂದರೆ, ಬೇರೆಯವರನ್ನು ಹುಡುಕಿಕೊಳ್ಳಿ.

ಪ್ರಶ್ನೆ: ನಾನು ಕಾಲೇಜಿನ ಈಜು ತಂಡದಲ್ಲಿದ್ದೇನೆ. ದಿನಾ ಈಜುತ್ತೇನೆ. ಸೆಳೆತದ ಎದುರು ಈಜಿ ದೋಣಿಗೆ ವಾಪಸ್ ಬರಲು ನನ್ನಂಥವರಿಗೂ ಆಗುವುದಿಲ್ಲವೇ?

ಆಗುವುದಿಲ್ಲಪ್ಪಾ. ಬೆನ್ನ ಮೇಲೆ ಸಿಲಿಂಡರ್, ಮೈಮೇಲೆ ಗಾಳಿ ತುಂಬುವ ಜಾಕೆಟ್, ಕಾಲಿಗೆ ರೆಕ್ಕೆಯಂಥ ಫಿನ್ ಹಾಕಿಕೊಂಡ ಗಟ್ಟಿ ಡೈವರ್ ಒಂದು ನಾಟ್ ಸೆಳೆತದ ಎದುರು ಕೆಲವು ನಿಮಿಷ ಇದ್ದಲ್ಲೇ ಇರಬಲ್ಲ, ಅಷ್ಟೇ. ವೇಗ ಎರಡು ಪಟ್ಟಾದರೆ ನೀರಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಅದರ ಎದುರು ಹಾಕಬೇಕಾದ ಶಕ್ತಿ ಎಂಟು ಪಟ್ಟು. ನಿನ್ನ ತೋಳಿಗೆ ಅಷ್ಟು ಶಕ್ತಿ ಯಾವ ವ್ಯಾಯಾಮದಿಂದಲೂ ಬರುವುದಿಲ್ಲ.

ಗಾಳಿಯ ಲೆಕ್ಕ ಇನ್ನೂ ಕೆಟ್ಟದ್ದು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 2,400 ಲೀಟರ್ ಗಾಳಿ ಇರುತ್ತದೆ. 15 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡೂವರೆ ಪಟ್ಟು, ಹಾಗಾಗಿ ಗಾಳಿಯೂ ಎರಡೂವರೆ ಪಟ್ಟು ಖರ್ಚು. ನಿಧಾನವಾಗಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಇಡೀ ಸಿಲಿಂಡರ್ 48 ನಿಮಿಷ ಬರುತ್ತದೆ. ಏದುಸಿರು ಬಿಡುತ್ತಾ 60 ಲೀಟರ್ ಎಳೆದರೆ 16 ನಿಮಿಷಕ್ಕೆ ಖಾಲಿ. ಉಳಿಸಿಟ್ಟುಕೊಳ್ಳಬೇಕಾದ ಗಾಳಿಯನ್ನು ಇದರಲ್ಲಿ ಕಳೆದಿಲ್ಲ. ಜೊತೆಗೆ ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿ ಗಾಬರಿ ಹೆಚ್ಚುತ್ತದೆ. ಗಾಬರಿಯಾದಷ್ಟೂ ಉಸಿರು ಜೋರು.

ನಿನ್ನ ಈಜು ಉಪಯೋಗಕ್ಕೆ ಬರುವುದು ಬೇರೆ ರೀತಿ. ಎದುರು ಹೋಗದೆ ಅಡ್ಡಕ್ಕೆ ಹೋಗು. ಬಂಡೆಯ ಬೆನ್ನಿಗೆ ಸರಿದರೆ ಕೆಲವೊಮ್ಮೆ ನೀರು ಶಾಂತವಿರುತ್ತದೆ. ನೆಲಕ್ಕೆ ಹತ್ತಿರ ಸೆಳೆತ ಸಾಮಾನ್ಯವಾಗಿ ಕಡಿಮೆ, ಮೇಲ್ಮೈಯಲ್ಲಿ ಜಾಸ್ತಿ. ಅದಕ್ಕೇ ಡೈವ್ ಶುರುವಾಗುವಾಗ ಎದುರು ದಿಕ್ಕಿಗೆ ಹೋಗಿ, ದಣಿವಾದ ಮೇಲೆ ನೀರಿನ ಜೊತೆ ವಾಪಸ್ ಬರುವ ಕ್ರಮ ಇರುವುದು.

ಪ್ರಶ್ನೆ: ಹಾಗೆ ತೇಲುವವರನ್ನು ಶಾರ್ಕ್ ತಿಂದುಬಿಡುವುದಿಲ್ಲವೇ?

ಸಿನಿಮಾ ಕಡಿಮೆ ನೋಡಿ. ಬಿಸಿಲು, ಬಾಯಾರಿಕೆ, ಚಳಿ, ದಣಿವು, ಈ ನಾಲ್ಕರ ಬಗ್ಗೆ ಚಿಂತೆ ಮಾಡಿ. 2008ರ ಜೂನ್‌ನಲ್ಲಿ ಇಂಡೊನೇಷ್ಯಾದ ಕೊಮೊಡೊ ಹತ್ತಿರ ಯುರೋಪಿನ ಐವರು ಡೈವರ್‌ಗಳನ್ನು ಸೆಳೆತ ಒಯ್ದು ರಿಂಚಾ ದ್ವೀಪದ ಹತ್ತಿರ ಬಿಟ್ಟಿತು. ಅವರಿಗೆ ಕಾಟ ಕೊಟ್ಟ ಪ್ರಾಣಿ ನೀರಿನದ್ದಲ್ಲ, ದಡದ ಮೇಲಿದ್ದ ಕೊಮೊಡೊ ಡ್ರ್ಯಾಗನ್. ಕಲ್ಲೆಸೆದು ಓಡಿಸಬೇಕಾಯಿತು. ಐವರೂ ಎರಡು ದಿನದಲ್ಲಿ ಸಿಕ್ಕಿದರು.

ಪ್ರಶ್ನೆ: ಮೇಲೆ ಬಂದಾಗ ದೋಣಿ ಇಲ್ಲ. ಸರಿ. ಮುಂದೇನು? ಹೆಜ್ಜೆ ಹೆಜ್ಜೆಯಾಗಿ ಹೇಳಿ ಸ್ವಾಮಿ.

ಹೆಜ್ಜೆ ಲೆಕ್ಕ ಬೇಡ, ಬುದ್ಧಿ ಕೈಕೊಡುವ ಹೊತ್ತಿನಲ್ಲಿ ನಂಬರು ನೆನಪಿರುವುದಿಲ್ಲ. ತೇಲುವುದು, ಒಟ್ಟಿಗೆ ಇರುವುದು, ಕಾಣಿಸುವುದು, ಇಷ್ಟು ನೆನಪಿಟ್ಟರೆ ಸಾಕು.

ಮೊದಲು ಜಾಕೆಟ್ಟಿಗೆ ಗಾಳಿ ತುಂಬಿ. ಸಿಲಿಂಡರ್ ಖಾಲಿಯಾಗಿದ್ದರೆ ಬಾಯಿಂದ ಊದಿ. ಮುಳುಗಲು ಅಂತ ಸೊಂಟಕ್ಕೆ ಕಟ್ಟಿಕೊಂಡ ಸೀಸದ ತೂಕವನ್ನು ಬಿಟ್ಟುಬಿಡಿ. ಎಷ್ಟೋ ಜನ ದುಡ್ಡಿನ ವಸ್ತು ಅಂತ ಅದನ್ನು ಕಟ್ಟಿಕೊಂಡೇ ತೇಲುತ್ತಾರೆ. ಸೀಸದ ತುಂಡು ಮತ್ತೆ ಸಿಗುತ್ತದೆ. ಜಾಕೆಟ್, ವೆಟ್‌ಸೂಟ್, ಮಾಸ್ಕ್, ಫಿನ್ ಮಾತ್ರ ಬಿಡಬೇಡಿ. ವೆಟ್‌ಸೂಟ್ ತೇಲಿಸುತ್ತದೆ, ಬೆಚ್ಚಗೂ ಇಡುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಬಿಸಿನಾಡಿನ ಸಮುದ್ರವೂ ನಮ್ಮ ಮೈಗಿಂತ ತಣ್ಣಗಿರುತ್ತದೆ. ಇಡೀ ರಾತ್ರಿ ಕಳೆದರೆ ನಡುಕ ಬಂದೇ ಬರುತ್ತದೆ. ಮಾಸ್ಕ್ ಏಕೆ ಅಂದರೆ, ಮುಖಕ್ಕೆ ಅಲೆ ಹೊಡೆಯುತ್ತಲೇ ಇರುತ್ತದೆ, ಗಂಟೆಗಟ್ಟಲೆ. ಮೂಗಿಗೆ ನೀರು ಹೋಗದಿದ್ದರೆ ಅರ್ಧ ಗಾಬರಿ ಕಡಿಮೆ.

ಜೊತೆಗಾರರನ್ನು ಹಿಡಿದುಕೊಳ್ಳಿ. ದಾರವಿದ್ದರೆ ಜಾಕೆಟ್‌ಗಳನ್ನು ಒಂದಕ್ಕೊಂದು ಕಟ್ಟಿ. ನಿದ್ದೆ ಬಂದಾಗ ಕೈ ಜಾರುತ್ತದೆ. ನಾಲ್ವರು ಒಟ್ಟಿಗಿದ್ದರೆ ಒಂದು ದೊಡ್ಡ ಚುಕ್ಕೆ, ಬೇರೆ ಬೇರೆ ಇದ್ದರೆ ಹುಡುಕುವವರಿಗೆ ನಾಲ್ಕು ಸಣ್ಣ ಚುಕ್ಕೆ. ದೂರದಲ್ಲಿ ಕಾಣುವ ದೀಪದ ಕಡೆ ಈಜಬೇಡಿ. ನೀರಿನಲ್ಲಿ ದೂರದ ಅಂದಾಜು ಸಿಗುವುದಿಲ್ಲ. ದ್ವೀಪ ನಿಜಕ್ಕೂ ಹತ್ತಿರ ಇದ್ದು ಸೆಳೆತವೂ ಅತ್ತಲೇ ಹೋಗುತ್ತಿದ್ದರೆ ಮಾತು ಬೇರೆ.

ಸಮುದ್ರದ ನೀರು ಕುಡಿಯಬೇಡಿ. ಅದರಲ್ಲಿ 100ಕ್ಕೆ ಮೂರೂವರೆ ಪಾಲು ಉಪ್ಪು. ಅದನ್ನು ಹೊರಹಾಕಲು ಮೂತ್ರಪಿಂಡಕ್ಕೆ ನೀವು ಕುಡಿದದ್ದಕ್ಕಿಂತ ಜಾಸ್ತಿ ನೀರು ಬೇಕು. ಮಳೆ ಬಂದರೆ ಮಾಸ್ಕಿನಲ್ಲಿ ಹಿಡಿದು ಕುಡಿಯಿರಿ.

ಇನ್ನು ಕಾಣಿಸುವುದು. ಇದಕ್ಕೆ ನೀರಿಗೆ ಇಳಿಯುವ ಮೊದಲೇ ತಯಾರಿ ಬೇಕು. ನನಗೆ ಕೇಳಿದರೆ, ಹೊಸ ಡೈವರ್ ಕೊಳ್ಳಬೇಕಾದ ಮೊದಲ ವಸ್ತು ಕ್ಯಾಮೆರಾ ಅಲ್ಲ, ಎಸ್‌ಎಂಬಿ. ಕಿತ್ತಳೆ ಬಣ್ಣದ ಉದ್ದನೆಯ ಬಲೂನು ಅದು. ಗಾಳಿ ತುಂಬಿದರೆ ಆಳೆತ್ತರ ನಿಲ್ಲುತ್ತದೆ, ಸುತ್ತಿದರೆ ಜೇಬಿಗೆ ಹೋಗುತ್ತದೆ. ಇನ್ನೂ ನೀರೊಳಗಿರುವಾಗಲೇ ದಾರ ಕಟ್ಟಿ ಮೇಲೆ ಬಿಟ್ಟರೆ ನೀವು ಬರುವ ಮೊದಲೇ ದೋಣಿಯವರಿಗೆ ನಿಮ್ಮ ಜಾಗ ಗೊತ್ತಾಗುತ್ತದೆ. ಅದನ್ನು ಬಿಡಲು ಅಭ್ಯಾಸ ಬೇಕು, ದಾರ ಕಾಲಿಗೋ ಜಾಕೆಟ್ಟಿಗೋ ಸಿಕ್ಕಿಕೊಂಡರೆ ನಿಮ್ಮನ್ನೂ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಜೊತೆಗೆ ಒಂದು ಸೀಟಿ, ಬಿಸಿಲಿಗೆ ಹಿಡಿಯಲು ಒಂದು ಸಣ್ಣ ಕನ್ನಡಿ, ಒಂದು ಟಾರ್ಚ್. ಹಗಲಿನ ಡೈವಿಗೂ ಟಾರ್ಚ್ ಇರಲಿ, ಯಾಕೆಂದರೆ ಕಾಣೆಯಾದವರಿಗೆ ರಾತ್ರಿ ಬರುತ್ತದೆ. ಟಾರ್ಚನ್ನು ಹೊತ್ತಿಸಿಯೇ ಇಡಬೇಡಿ, ಎಂಜಿನ್ ಸದ್ದು ಕೇಳಿದಾಗ ಬೀಸಿ. ಕೈಯಲ್ಲಿ ದುಡ್ಡಿದ್ದರೆ ಪಿಎಲ್‌ಬಿ ಅನ್ನುವ ಸಣ್ಣ ಸಾಧನ ಸಿಗುತ್ತದೆ. 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಆಳದ ಒತ್ತಡ ತಡೆಯುವ ಡಬ್ಬಿಯಲ್ಲಿ ಹಾಕಿಯೇ ಒಯ್ಯಬೇಕು, ಹಾಗೇ ಒಯ್ದರೆ ನೀರು ನುಗ್ಗುತ್ತದೆ.

ಪ್ರಶ್ನೆ: ಇಷ್ಟೊಂದು ಹಡಗು, ಹೆಲಿಕಾಪ್ಟರ್ ಬಳಸಿಯೂ ಹುಡುಕಲು ದಿನಗಟ್ಟಲೆ ಯಾಕೆ ಬೇಕು?

ಜಾಗ ಬೆಳೆಯುತ್ತಾ ಹೋಗುವುದರಿಂದ. ಕೊನೆಗೆ ಕಂಡ ಜಾಗ, ಸಮಯ, ಸೆಳೆತ, ಗಾಳಿ ಇವುಗಳಿಂದ ಈಗ ಎಲ್ಲಿರಬಹುದು ಅಂತ ಲೆಕ್ಕ ಹಾಕುತ್ತಾರೆ. ಲೆಕ್ಕದಲ್ಲಿ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ, ಸಮಯ ಹೋದಂತೆ ಅದು ಹಿಗ್ಗುತ್ತದೆ. ಹುಡುಕುವ ವೃತ್ತದ ಅಗಲ ಎರಡು ಪಟ್ಟಾದರೆ ಒಳಗಿನ ಜಾಗ ನಾಲ್ಕು ಪಟ್ಟು. ಹಾಗಾಗಿ ಮೊದಲ ಗಂಟೆಯ ಒಂದು ಕರೆ, ಮರುದಿನದ ಹತ್ತು ಹಡಗಿಗೆ ಸಮ.

ಇನ್ನೊಂದು ತೊಡಕಿದೆ. ಡೈವರ್‌ನ ಮೈ ಬಹುಪಾಲು ನೀರೊಳಗಿರುತ್ತದೆ, ಅವನು ನೀರು ಹೋದ ಕಡೆ ಹೋಗುತ್ತಾನೆ. ದೋಣಿಯ ಮೈ ನೀರಿನ ಮೇಲಿರುತ್ತದೆ, ಅದನ್ನು ಗಾಳಿ ತಳ್ಳುತ್ತದೆ. ಎಂಜಿನ್ ನಿಲ್ಲಿಸಿ 'ನಾನು ಇಲ್ಲೇ ಇದ್ದೆ' ಅನ್ನುವ ದೋಣಿಯವನು ಎಷ್ಟೋ ಸಲ ಅಲ್ಲಿರುವುದೇ ಇಲ್ಲ. 2014ರ ಫೆಬ್ರವರಿಯಲ್ಲಿ ಬಾಲಿಯಲ್ಲಿ ಜಪಾನಿನ ಏಳು ಮಹಿಳೆಯರು ಹೀಗೇ ಕಾಣೆಯಾದರು. ಅವರಲ್ಲಿ ಇಬ್ಬರು ಶಿಕ್ಷಕಿಯರೇ. ಡೈವಿನ ನಡುವೆ ಜೋರು ಮಳೆ ಬಂದು ದೋಣಿಯವನಿಗೆ ಅವರ ಜಾಡು ತಪ್ಪಿತ್ತು. ಐವರು ಮೂರು ದಿನದ ನಂತರ ನೂಸಾ ಪೆನಿಡಾ ದ್ವೀಪದ ಹತ್ತಿರ ಸಿಕ್ಕರು, ಇಬ್ಬರು ಉಳಿಯಲಿಲ್ಲ.

ದೋಣಿಯಲ್ಲಿ ನೀವಿದ್ದು, ಡೈವರ್‌ಗಳು ಹೊತ್ತಿಗೆ ಬರಲಿಲ್ಲ ಅಂದುಕೊಳ್ಳಿ. ಆ ಕ್ಷಣವೇ ಜಿಪಿಎಸ್ ಸ್ಥಾನ ಮತ್ತು ಸಮಯ ಬರೆದಿಡಿ. ತೇಲುವ ಗುರುತೊಂದನ್ನು ನೀರಿಗೆ ಹಾಕಿ, ಅದು ಯಾವ ಕಡೆ ಹೋಗುತ್ತದೆ ನೋಡಿ. ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಕರೆ ಕೊಟ್ಟು, ಆಮೇಲೆ ನೀರು ಹೋಗುವ ಕಡೆ ನಿಧಾನವಾಗಿ ಹುಡುಕಿ. 'ಇನ್ನು ಸ್ವಲ್ಪ ನೋಡೋಣ, ಸುಮ್ನೆ ಯಾಕೆ ಗಲಾಟೆ' ಅನ್ನುವವರ ಮಾತು ಕೇಳಬೇಡಿ. ಬೇಗ ಕರೆ ಕೊಟ್ಟು, ಡೈವರ್‌ಗಳು ಹತ್ತೇ ನಿಮಿಷದಲ್ಲಿ ಸಿಕ್ಕರೆ ಬೈಗುಳ ತಿನ್ನಿ. ಬೈಗುಳ ಅಗ್ಗ.

ಪ್ರಶ್ನೆ: ದೋಣಿಯಲ್ಲಿ ಪ್ರತಿ ಡೈವ್ ಆದಮೇಲೂ ಹಾಜರಿ ಕರೆಯುತ್ತಾರೆ, ಶಾಲೆ ಮಕ್ಕಳ ಹಾಗೆ. ಕಿರಿಕಿರಿ ಆಗುತ್ತದೆ. ಎಣಿಸಿದರೆ ಸಾಲದೇ?

ಸಾಲದು. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಎಣಿಕೆಯನ್ನೇ ನಂಬಿದ್ದರು. 26 ಜನ ಪ್ರಯಾಣಿಕರು ಹೋಗಿದ್ದ ದೋಣಿ ಅದು. ಲೆಕ್ಕ ಸರಿಯಿದೆ ಅಂದುಕೊಂಡು ವಾಪಸ್ ಹೊರಟಿತು. ಅಮೆರಿಕದ ಗಂಡ ಹೆಂಡತಿ ನೀರಿನಲ್ಲೇ ಉಳಿದಿದ್ದರು. ಎರಡು ದಿನ ಕಳೆದ ಮೇಲೆ, ದೋಣಿಯಲ್ಲಿ ಅವರ ಚೀಲ ಹಾಗೇ ಬಿದ್ದಿರುವುದು ಕಂಡು ಗೊತ್ತಾಯಿತು. ಅವರು ಸಿಗಲೇ ಇಲ್ಲ. ಆಮೇಲೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ತಲೆ ಎಣಿಸುವ ನಿಯಮಗಳನ್ನು ಬಿಗಿ ಮಾಡಿದರು. ದೋಣಿಯಲ್ಲಿ ಜನ ಸುಮ್ಮನೆ ನಿಲ್ಲುವುದಿಲ್ಲ, ಒಬ್ಬ ಶೌಚಕ್ಕೆ ಹೋಗಿರುತ್ತಾನೆ, ಇನ್ನೊಬ್ಬ ಮತ್ತೆ ನೀರಿಗೆ ಹಾರಿರುತ್ತಾನೆ. ಹೆಸರು ಕರೆದಾಗ ಅವನೇ ಓಗೊಡಬೇಕು. ಗೆಳೆಯ 'ಅವನಿದ್ದಾನೆ' ಅಂದರೆ ನಾನು ಒಪ್ಪುವುದಿಲ್ಲ, ಎದ್ದು ಬಂದು ಮುಖ ತೋರಿಸಲಿ ಅನ್ನುತ್ತೇನೆ. ನನ್ನನ್ನು ಹೆಡ್‌ಮಾಸ್ಟರ್ ಅಂತ ಕರೆಯುವವರೂ ಇದ್ದಾರೆ, ಕರೆಯಲಿ.

ಪ್ರಶ್ನೆ: ನೀರೊಳಗೆ ಜೊತೆಗಾರ ಕಾಣದಾದರೆ ಎಷ್ಟು ಹೊತ್ತು ಹುಡುಕಬೇಕು?

ಒಂದು ನಿಮಿಷ. ಸುತ್ತ, ಮೇಲೆ, ಕೆಳಗೆ ನೋಡಿ, ಆಮೇಲೆ ನಿಧಾನವಾಗಿ ಮೇಲೆ ಬನ್ನಿ. ಅವನಿಗೂ ಇದೇ ನಿಯಮ ಕಲಿಸಿರುತ್ತಾರೆ, ಹಾಗಾಗಿ ಅವನೂ ಬರುತ್ತಾನೆ. ಸೆಳೆತದಲ್ಲಿ ಐದು ನಿಮಿಷ ಹುಡುಕಿದರೆ ಇಬ್ಬರೂ ಎರಡು ಕಡೆ.

ಪ್ರಶ್ನೆ: ನಮ್ಮ ಕೋರ್ಸಿನ ಕೊನೆಯ ದಿನ, ಎಲ್ಲರೂ ಸೂಟ್ ಹಾಕಿಕೊಂಡು ಕೂತ ಮೇಲೆ, ಶಿಕ್ಷಕರು ನೀರು ನೋಡಿ 'ಇವತ್ತು ಬೇಡ' ಅಂದರು. ದುಡ್ಡು ಕಟ್ಟಿ, ರಜೆ ಹಾಕಿ ಹೋಗಿದ್ದೆವು. ಸಮುದ್ರ ಶಾಂತವಾಗಿಯೇ ಇತ್ತು. ಇದು ಸರಿಯೇ?

ನಿಮ್ಮ ಶಿಕ್ಷಕರು ಏನು ನೋಡಿದರು ಅಂತ ನಾನು ಊಹಿಸಬಲ್ಲೆ. ಲಂಗರಿನ ಹಗ್ಗ ಬಿಗಿದು ನಿಂತಿರುತ್ತದೆ, ನೀರಿಗೆ ಹಾಕಿದ ವಸ್ತು ನೋಡನೋಡುತ್ತಿದ್ದಂತೆ ಹಿಂದೆ ಹೋಗುತ್ತದೆ. ಅಲೆ ಇಲ್ಲದ್ದಕ್ಕೂ ಸೆಳೆತ ಇಲ್ಲದ್ದಕ್ಕೂ ಸಂಬಂಧವಿಲ್ಲ. ಕಲಿಯುವವರನ್ನು ಇಳಿಸಬೇಕಾದದ್ದು ಭರತ ಮತ್ತು ಇಳಿತದ ನಡುವೆ ನೀರು ತಡೆದು ನಿಲ್ಲುವ ಸಣ್ಣ ಅವಧಿಯಲ್ಲಿ. ಅದು ತಪ್ಪಿದರೆ ಕಾಯಬೇಕು, ಇಲ್ಲವೇ ವಾಪಸ್ ಹೋಗಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವಿಳಿತ ಜೋರು, ಅದರ ಸೆಳೆತವೂ ಜೋರು. ಅಷ್ಟಮಿ ಕಳೆದ ಒಂದೆರಡು ದಿನ ಎಲ್ಲಕ್ಕಿಂತ ಸೌಮ್ಯ. ಗಾಳಿಯಿಂದ ಹುಟ್ಟುವ ಸೆಳೆತಕ್ಕೆ ಮಾತ್ರ ಈ ಪಂಚಾಂಗ ನಡೆಯುವುದಿಲ್ಲ, ಅದನ್ನು ಅಲ್ಲೇ ಹೋಗಿ ನೋಡಬೇಕು. ನಿಮ್ಮವರು ನೋಡಿದ್ದಾರೆ.

ದುಡ್ಡು ವಾಪಸ್ ಕೇಳುವ ಬದಲು ಇನ್ನೊಂದು ದಿನ ಕೊಡಿ ಅಂತ ಕೇಳಿ. ಕೊಡಲೇಬೇಕು, ಕೋರ್ಸ್ ಮುಗಿಸಿಕೊಡುವುದು ಅವರ ಜವಾಬ್ದಾರಿ. ಆ ದಿನ ದೋಣಿಯಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು ಅನ್ನುವುದನ್ನು ನೀವು ಬರೆದಿಲ್ಲ. ಮುಂದಿನ ಸಲ ಹೋದಾಗ ಗಮನಿಸಿ ಬರೆಯಿರಿ.